ಕರಿಯ ಬಂಗಾರದ ಎರಡು ಕಣಿವೆಗಳು

ಪೋರ್ತುಗಲ್ ದೇಶದ ಉತ್ತರ ಭಾಗದಲ್ಲಿ, ದ್ರಾಕ್ಷಾರಸದ ವ್ಯಾಪಾರಕ್ಕೆ ಹೆಸರಾದ ಪೋರ್ತೊ ನಗರವನ್ನು ಬಿಟ್ಟು ಆಗ್ನೇಯದ ಬೆಟ್ಟಗಳತ್ತ ತಿರುಗಿದರೆ, ನೀಲಗಿರಿ ಮರದ ತೋಪುಗಳ ನಡುವೆ ಏರಿಳಿಯುವ ದಾರಿ ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ಅರೋಕಾ ಎಂಬ ಪುಟ್ಟ ಪಟ್ಟಣವನ್ನು ಮುಟ್ಟಿಸುತ್ತದೆ. ಪಟ್ಟಣದ ನಡುವೆ ಅದಕ್ಕೆ ತೀರ ದೊಡ್ಡದಾಯಿತೆನ್ನಿಸುವ ಒಂದು ಪ್ರಾಚೀನ ಕ್ರೈಸ್ತ ಮಠವಿದೆ. ಹದಿಮೂರನೆಯ ಶತಮಾನದಲ್ಲಿ ರಾಜಪುತ್ರಿ ಮಫಾಲ್ದಾ ಲೌಕಿಕವನ್ನು ತೊರೆದು ಬಂದು ನೆಲೆಸಿದ ಸ್ಥಳವದು. ಅಲ್ಲಿಯ ಸಂನ್ಯಾಸಿನಿಯರು ಜಪತಪಗಳ ನಡುವೆ ಮೊಟ್ಟೆಯ ಹಳದಿ, ಬಾದಾಮಿ, ಸಕ್ಕರೆಗಳನ್ನು ಕೂಡಿಸಿ ಮಾಡುತ್ತಿದ್ದ ಸಿಹಿತಿಂಡಿಗಳು ಇಂದಿಗೂ ಪಟ್ಟಣದ ಅಂಗಡಿಗಳಲ್ಲಿ ದೊರೆಯುತ್ತವೆ. ಮಠ ಬರಿದಾಯಿತು, ತಿಂಡಿ ಉಳಿಯಿತು!

ಈಗ ಅರೋಕಾಕ್ಕೆ ಬರುವ ಬಹುಮಂದಿ ಮಠವನ್ನಾಗಲಿ ತಿಂಡಿಯನ್ನಾಗಲಿ ಹುಡುಕಿಕೊಂಡು ಬರುವುದಿಲ್ಲ. 2021ರಲ್ಲಿ ಪೈವಾ ನದಿಯ ಕಮರಿಯ ಮೇಲೆ 516 ಮೀಟರ್ ಉದ್ದದ ಒಂದು ತೂಗುಸೇತುವೆಯನ್ನು ಕಟ್ಟಿ ಜನರಿಗೆ ತೆರೆದಿದ್ದಾರೆ. ಕಾಲಡಿಯ ಕಂಬಿಗಳ ಸಂದಿನಿಂದ 175 ಮೀಟರ್ ಕೆಳಗಿನ ನೀರನ್ನು ಕಂಡು ಹೌಹಾರುವ ಸುಖಕ್ಕಾಗಿ ದೇಶದೇಶಗಳಿಂದ ಪ್ರವಾಸಿಗಳು ಬರುತ್ತಾರೆ; ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಅವರಲ್ಲಿ ಕೆಲವರಷ್ಟೇ ಮುಂದಿನ ಫ್ರೈತಾ ಬೆಟ್ಟವನ್ನು ಹತ್ತುವ ಸಾಹಸ ಮಾಡುವವರು.

ಫ್ರೈತಾ ಕಲ್ಲಿನ ಸೀಮೆ. ಸಾವಿರ ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ ಗಾಳಿ ಒಂದೇ ಸಮನೆ ಬೀಸುತ್ತದೆ, ಮರಗಳು ವಿರಳ. ಅಲ್ಲಿನ ಕಾಸ್ತಾನ್ಯೇರಾ ಎಂಬ ಹಳ್ಳಿಯ ಬಳಿ ‘ಹೆರುವ ಕಲ್ಲು’ಗಳಿವೆ. ಹೆಬ್ಬಂಡೆಯ ಮೈಯಿಂದ ಕಪ್ಪು ಅಭ್ರಕದ ಸಿಪ್ಪೆ ಹೊದ್ದ ಸಣ್ಣ ಗುಂಡುಗಳು ಬಿಸಿಲು ಮಳೆ ಹಿಮಗಳಿಗೆ ಸಡಿಲಗೊಂಡು ಒಂದೊಂದಾಗಿ ಕಳಚಿ ಬೀಳುತ್ತವೆ. ಅಂಥದೊಂದನ್ನು ತಲೆದಿಂಬಿನ ಕೆಳಗಿಟ್ಟುಕೊಂಡರೆ ಬಂಜೆಗೆ ಸಂತಾನವಾಗುವುದೆಂದು ಆ ಸೀಮೆಯ ಹೆಂಗಸರು ನಂಬಿದ್ದರು. ಕಲ್ಲಿನಿಂದ ಭಾಗ್ಯ ಬರುವುದೆಂಬ ನಂಬಿಕೆ ಹೀಗೆ ಅಲ್ಲಿಯ ಜನಕ್ಕೆ ಹೊಸದಲ್ಲ. ಆದರೆ 1940ರ ಬಳಿಕ ಕೆಲವು ವರ್ಷ ಅವರಿಗೆ ಭಾಗ್ಯ ತಂದ ಕಲ್ಲೇ ಬೇರೆ. ಆ ಭಾಗ್ಯದ ಬಗೆಯೂ ಬೇರೆ.

ಬೆಟ್ಟದ ಆಚೆ ಮಗ್ಗುಲಲ್ಲಿ ಇಳಿದರೆ ಎರಡು ಕಣಿವೆಗಳು. ಒಂದರಲ್ಲಿ ರೆಗೋಫೆ ಎಂಬ ಹಳ್ಳಿ, ಇನ್ನೊಂದರಲ್ಲಿ ರಿಯು ದಿ ಫ್ರಾದೆಸ್. ಎರಡನೆಯ ಹೆಸರಿಗೆ ‘ಸಂನ್ಯಾಸಿಗಳ ಹೊಳೆ’ ಎಂದರ್ಥ. ರೆಗೋಫೆಯ ಮೇಲುಭಾಗದಲ್ಲಿ ಬೆಣಚುಕಲ್ಲಿನ ಗೋಡೆಗಳು ಸಾಲುಸಾಲಾಗಿ ನಿಂತಿವೆ, ಮಾಡಿಲ್ಲ, ಕದವಿಲ್ಲ, ಕಿಟಕಿಗಳ ತೆರಪಿನಲ್ಲಿ ಆಕಾಶ ಕಾಣುತ್ತದೆ. ದೂರದಿಂದ ಕಂಡವರು ಯಾವುದೋ ಪಾಳುಕೋಟೆಯೆಂದು ಭಾವಿಸಿದರೆ ತಪ್ಪಿಲ್ಲ. ಅವು ಗಣಿಯ ಕಚೇರಿಗಳು, ಕೂಲಿಗಳ ವಸತಿಗಳು, ಅದಿರು ತೊಳೆಯುವ ಚಾವಡಿಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೆಗೋಫೆಯ ಗಣಿ ಆಂಗ್ಲರ ಬಂಡವಾಳದಿಂದ ನಡೆಯುತ್ತಿತ್ತು. ಪಕ್ಕದ ರಿಯು ದಿ ಫ್ರಾದೆಸ್ ಗಣಿ ಜರ್ಮನರದು. ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಸುತ್ತಿದ್ದ ದಿನಗಳಲ್ಲಿ, ಹ್ಯಾಂಬರ್ಗಿನ ಮೇಲೆ ಆಂಗ್ಲ ವಿಮಾನಗಳು ಬೆಂಕಿ ಸುರಿಸುತ್ತಿದ್ದ ದಿನಗಳಲ್ಲಿ, ಈ ಬೆಟ್ಟದ ಎರಡು ಮಡಿಲುಗಳಲ್ಲಿ ಆ ಇಬ್ಬರು ಶತ್ರುಗಳೂ ಒಬ್ಬರಿಗೊಬ್ಬರು ನೆರೆಯವರಾಗಿ, ಒಂದೇ ಕಲ್ಲಿಗಾಗಿ ನೆಲವನ್ನು ಬಗೆಯುತ್ತಿದ್ದರು. ತಟಸ್ಥ ರಾಷ್ಟ್ರದ ನೆಲದಲ್ಲಿ ಒಂದು ಗುಂಡೂ ಹಾರಲಿಲ್ಲ. ಆದರೆ ಅಲ್ಲಿಂದ ಹೊರಟ ಕಲ್ಲು ಬೇರೆಡೆಗಳಲ್ಲಿ ಗುಂಡಾಗಿ ಹಾರಿತು.

ಆ ಕಲ್ಲಿನ ಹೆಸರು ವುಲ್ಫ್ರಮೈಟ್. ಬಿಳಿಯ ಸ್ಫಟಿಕಶಿಲೆಯ ಎಳೆಗಳ ನಡುವೆ ಮಸಿಗಪ್ಪಾಗಿ ಹೊಳೆಯುವ, ಅಂಗೈಯಲ್ಲಿ ಹಿಡಿದರೆ ಅದರ ಗಾತ್ರಕ್ಕೆ ಮೀರಿದ ತೂಕದಿಂದ ಬೆರಗುಗೊಳಿಸುವ ಅದಿರು. ಇದರಿಂದ ಬರುವ ಲೋಹವನ್ನು ಜಗತ್ತು ಎರಡು ಹೆಸರುಗಳಿಂದ ಕರೆಯುತ್ತದೆ. ಸ್ವೀಡನ್ನರ ಮಾತಿನಲ್ಲಿ ‘ಭಾರವಾದ ಕಲ್ಲು’ ಎಂಬರ್ಥದ ಟಂಗ್‌ಸ್ಟನ್ ಒಂದು. ಜರ್ಮನರ ವುಲ್ಫ್ರಂ ಇನ್ನೊಂದು. ತವರ ಕಾಯಿಸುತ್ತಿದ್ದ ಹಳೆಯ ಕಮ್ಮಾರರು, ಕುಲುಮೆಯಲ್ಲಿ ಈ ಅದಿರು ಸೇರಿಕೊಂಡರೆ ತೋಳ ಕುರಿಯನ್ನು ನುಂಗುವಂತೆ ತವರವನ್ನು ನುಂಗಿಬಿಡುತ್ತದೆಂದು ಶಪಿಸಿ, ತೋಳದ ಹೆಸರನ್ನೇ ಅದಕ್ಕೆ ಅಂಟಿಸಿದರಂತೆ. 1783ರಲ್ಲಿ ಸ್ಪೇನ್ ದೇಶದ ಎಲುಯಾರ್ ಸಹೋದರರು ಅದರಿಂದ ಶುದ್ಧ ಲೋಹವನ್ನು ಬೇರ್ಪಡಿಸಿದರು. ಕಬ್ಬಿಣ ಸುಮಾರು 1,540 ಡಿಗ್ರಿ ಶಾಖದಲ್ಲಿ ಕರಗಿದರೆ ಈ ಲೋಹಕ್ಕೆ 3,400 ಡಿಗ್ರಿಗೂ ಮೇಲಿನ ಶಾಖ ಬೇಕು. ತೂಕದಲ್ಲಿ ಇದು ಚಿನ್ನಕ್ಕೆ ಸಮ. ಮನೆಮನೆಗಳ ಹಳೆಯ ವಿದ್ಯುದ್ದೀಪದ ಬುರುಡೆಯೊಳಗೆ ಕೂದಲೆಳೆಯಂತೆ ಬೆಳಗುತ್ತಿದ್ದುದು ಇದೇ.

ದೀಪದ ಎಳೆಗೆ ಬೇಕಾಗುವ ಲೋಹ ಎಷ್ಟು ಮಾತ್ರದ್ದು? ಯುದ್ಧಕ್ಕೆ ಅದು ಬೇಕಾದುದು ಬೇರೆ ಕಾರಣಕ್ಕೆ. ಫಿರಂಗಿಯ ನಳಿಗೆಯನ್ನಾಗಲಿ ವಿಮಾನದ ಎಂಜಿನ್ನನ್ನಾಗಲಿ ಉಕ್ಕಿನಿಂದ ಕಡೆದು ತೆಗೆಯಬೇಕು. ಕಡೆಯುವ ಉಳಿ ಆ ಉಕ್ಕಿಗಿಂತ ಗಟ್ಟಿಯಾಗಿರಬೇಕು. ಹಳೆಯ ಉಳಿಗಳು ಲೇತು ಯಂತ್ರದ ವೇಗ ಹೆಚ್ಚಿದೊಡನೆ ಕಾದು ಮೆತ್ತಗಾಗುತ್ತಿದ್ದವು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಮೆರಿಕದ ಟೇಲರನು ತೋರಿಸಿದ ಹೊಸ ಬಗೆಯ ಉಳಿ ಮಂದವಾದ ಕೆಂಪಿಗೆ ಕಾದಾಗಲೂ ಹರಿತ ಬಿಡದೆ ಉಕ್ಕನ್ನು ಕತ್ತರಿಸುತ್ತಿದ್ದುದನ್ನು ಕಂಡು ಯಂತ್ರಜ್ಞರು ದಂಗಾದರು. ಅದರ ಗುಟ್ಟು ಟಂಗ್‌ಸ್ಟನ್. ಮುಂದೆ ಈ ಜಾತಿಯ ಉಕ್ಕಿನಲ್ಲಿ ನೂರಕ್ಕೆ 18 ಪಾಲು ಆ ಲೋಹವನ್ನೇ ಬೆರೆಸುವುದು ವಾಡಿಕೆಯಾಯಿತು. 1926ರ ಸುಮಾರಿಗೆ ಜರ್ಮನಿಯ ಕ್ರುಪ್ ಕಾರ್ಖಾನೆ ಟಂಗ್‌ಸ್ಟನ್ನಿಗೆ ಇಂಗಾಲವನ್ನು ಕೂಡಿಸಿದ ಇನ್ನೂ ಗಡುಸಾದ ಪದಾರ್ಥವನ್ನು ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ‘ವಜ್ರದಂತೆ’ ಎಂಬ ಜರ್ಮನ್ ಮಾತಿನ ಸಂಕ್ಷೇಪವದು. ಹೆಸರಿನಲ್ಲಿ ಉತ್ಪ್ರೇಕ್ಷೆ ಹೆಚ್ಚಿಲ್ಲ.

ಇಂಥ ಲೋಹಕ್ಕೆ ಪರಾಧೀನವಾದರೆ ಏನಾಗುತ್ತದೆಂಬುದನ್ನು ಆಂಗ್ಲರು 1914ರಲ್ಲಿಯೇ ಕಲಿತಿದ್ದರು. ಆಗ ಬರ್ಮಾ ದೇಶ ಹಿಂದೂಸ್ಥಾನದ ಸರ್ಕಾರದ ಆಡಳಿತಕ್ಕೇ ಸೇರಿತ್ತು. ಅಲ್ಲಿಯ ತವಾಯ್ ಸೀಮೆಯಲ್ಲಿ ಅಗೆದ ವುಲ್ಫ್ರಂ ಅದಿರು ಶುದ್ಧಿಗಾಗಿ ಹೋಗುತ್ತಿದ್ದುದು ಜರ್ಮನಿಗೆ! ತಮ್ಮ ಸಾಮ್ರಾಜ್ಯದ ಅದಿರನ್ನು ಶತ್ರುವಿನ ಕೈಗಿಟ್ಟು, ಸಿದ್ಧಲೋಹವನ್ನು ಅವನಿಂದಲೇ ಕೊಳ್ಳುತ್ತಿದ್ದೆವೆಂಬುದು ಯುದ್ಧ ಘೋಷಣೆಯಾದ ಮೇಲೆ ಅವರಿಗೆ ಹೊಳೆಯಿತು. ಎರಡನೆಯ ಯುದ್ಧದ ವೇಳೆಗೆ ಪೇಚು ಜರ್ಮನಿಯ ಪಾಲಿಗೆ ಬಂದಿತ್ತು. ಅದಕ್ಕೆ ಬೇಕಾದ ವುಲ್ಫ್ರಮಿನ ಬಹುಭಾಗ ಚೀನಾ ದೇಶದಿಂದ ಬರುತ್ತಿದ್ದುದು. ಆಂಗ್ಲರ ನೌಕಾಬಲ ಸಮುದ್ರದ ದಾರಿಯನ್ನು ಮುಚ್ಚಿತು; ಸೈಬೀರಿಯಾದ ರೈಲುದಾರಿಯೊಂದು ಉಳಿಯಿತು. 1941ರ ಜೂನ್ 22ರಂದು ಹಿಟ್ಲರನು ರಷ್ಯದ ಮೇಲೆ ದಂಡೆತ್ತಿ ಹೋದಾಗ ಆ ದಾರಿಯನ್ನು ಅವನೇ ಕೈಯಾರೆ ಮುಚ್ಚಿಕೊಂಡಂತಾಯಿತು. ಇನ್ನು ಯೂರೋಪಿನಲ್ಲಿ ಅವನಿಗೆ ದಕ್ಕಬಹುದಾಗಿದ್ದ ದೊಡ್ಡ ನೆಲೆಗಳು ಸ್ಪೇನ್ ಮತ್ತು ಪೋರ್ತುಗಲ್, ಅದರಲ್ಲಿಯೂ ಪೋರ್ತುಗಲ್.

ಅತ್ತ ಮಿತ್ರರಾಷ್ಟ್ರಗಳಿಗೂ ಕೊರತೆ ತಪ್ಪಲಿಲ್ಲ. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದಾಗ ಅಲ್ಲಿಯ ಗಣಿಗಳೊಡನೆ ಚೀನಾದಿಂದ ಬರುವ ರಸ್ತೆಯೂ ಕೈಬಿಟ್ಟಿತು. ಅಸ್ಸಾಮಿನ ವಿಮಾನನಿಲ್ದಾಣಗಳಿಂದ ಹಿಮಾಲಯದ ಶಿಖರಗಳನ್ನು ದಾಟಿ ಚೀನಾಕ್ಕೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನಗಳು ಹಿಂದಿರುಗುವಾಗ ವುಲ್ಫ್ರಂ ಅದಿರನ್ನು ಹೊತ್ತು ತರುತ್ತಿದ್ದವು. ಪ್ರಾಣಭಯದ ಆ ಹಾರಾಟದಲ್ಲಿ ಕಲ್ಲನ್ನು ಹೇರಿಕೊಂಡು ಬರುವುದೆಂದರೆ ಆ ಕಲ್ಲಿನ ಬೆಲೆಯನ್ನು ಓದುಗರು ಊಹಿಸಬಹುದು. ಪೋರ್ತುಗಲ್ಲಿನಲ್ಲಿ ಆಂಗ್ಲರು ವ್ಯಾಪಾರಕ್ಕಿಳಿದುದು ತಮಗೆ ಬೇಕೆಂಬ ಕಾರಣಕ್ಕೆ ಮಾತ್ರವಲ್ಲ, ಜರ್ಮನರಿಗೆ ಸಿಕ್ಕಕೂಡದೆಂಬ ಕಾರಣಕ್ಕೆ. ಅದಕ್ಕೆಂದೇ ಸರ್ಕಾರದ ಹಣದ ಬೆಂಬಲವಿದ್ದ ವ್ಯಾಪಾರ ಸಂಸ್ಥೆಯೊಂದು ಸಿಕ್ಕಸಿಕ್ಕಲ್ಲಿ ಅದಿರನ್ನು ಕೊಂಡು ರಾಶಿ ಹಾಕಿತು. ಜರ್ಮನರು ಬೆಲೆ ಏರಿಸಿದರು. ಆಂಗ್ಲರು ಇನ್ನಷ್ಟು ಏರಿಸಿದರು. ಒಂದೆರಡು ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಹೆಚ್ಚಿತು.

ಈ ಹಣದ ಪ್ರವಾಹ ಹರಿದದ್ದು ಎಂಥವರ ನಡುವೆ? ಜೋಳದ ರೊಟ್ಟಿ, ಕೋಸಿನ ಸಾರು, ಒಂದೆರಡು ಮೇಕೆ, ಕಡಪಾ ಕಲ್ಲಿನಂಥ ಚಪ್ಪಡಿ ಹೊದಿಸಿದ ಮನೆ—ಇಷ್ಟೇ ಐಶ್ವರ್ಯವಾಗಿದ್ದ ಬೆಟ್ಟದ ರೈತರ ನಡುವೆ. ದಿನವಿಡೀ ಹೊಲದಲ್ಲಿ ದುಡಿದರೂ ಕೆಲವೇ ಎಸ್ಕುದೊ ಕಾಣುತ್ತಿದ್ದವನಿಗೆ, ಹೊಳೆಯ ಮರಳಿನಲ್ಲಿ ಒಂದು ಹಿಡಿ ಕರಿಯ ಕಲ್ಲು ಸಿಕ್ಕಿದರೆ ವಾರಗಳ ಕೂಲಿ ಕೈಸೇರುವಂತಾಯಿತು. ನೇಗಿಲು ಮೂಲೆ ಸೇರಿತು. ಗಣಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಸೇರಿದ ಕೂಲಿಗಳಿದ್ದರು. ಅವರಲ್ಲದೆ, ತಾವೇ ಅಗೆದು ತೂಕದ ಮೇಲೆ ಅದಿರು ಮಾರುವ ‘ಕಿಲೋ’ ಲೆಕ್ಕದವರಿದ್ದರು. ಇವರಿಬ್ಬರಿಗೂ ಸೇರದೆ ರಾತ್ರಿಯ ಹೊತ್ತು ಲಾಂದ್ರ ಹಿಡಿದು ಬೇರೆಯವರ ಸುರಂಗಗಳಿಗೆ ನುಗ್ಗುವವರಿದ್ದರು. ಜನ ಅದಿರಿಗೆ ‘ಕರಿಯ ಬಂಗಾರ’ವೆಂದು ಹೆಸರಿಟ್ಟರು.

ಅದನ್ನು ಬೇರ್ಪಡಿಸುವ ಕ್ರಮ ಹೆಚ್ಚು ಕಷ್ಟದ್ದಲ್ಲ. ಅದೇ ಅನರ್ಥಕ್ಕೆ ಮೂಲವಾಯಿತು. ಕಲ್ಲನ್ನು ಜಜ್ಜಿ ನೀರಿನಲ್ಲಿ ಜಾಲಿಸಿದರೆ ಹಗುರವಾದ ಸ್ಫಟಿಕದ ಪುಡಿ ಕೊಚ್ಚಿಹೋಗಿ ಭಾರವಾದ ಅದಿರು ತಳದಲ್ಲಿ ನಿಲ್ಲುತ್ತದೆ. ಅಕ್ಕಿಯನ್ನು ಗಾಳಿಸಬಲ್ಲ ಯಾವ ಗೃಹಿಣಿಗೂ ಈ ಕೆಲಸ ತಿಳಿದೀತು. ಆ ಹಳ್ಳಿಗಳ ಹೆಂಗಸರೂ ಮಕ್ಕಳೂ ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ಜಾಲಿಸಿದರು. ರೊಟ್ಟಿಯ ಬುಟ್ಟಿಗಳಲ್ಲಿ, ಲಂಗದ ಮಡಿಕೆಗಳಲ್ಲಿ ಅದಿರು ಅಡಗಿ ಬೆಟ್ಟ ದಾಟಿತು. ಜರ್ಮನರ ಗಣಿಯಿಂದ ಕದ್ದುದು ಆಂಗ್ಲರ ತಕ್ಕಡಿಗೂ, ಆಂಗ್ಲರ ಗಣಿಯಿಂದ ಕದ್ದುದು ಜರ್ಮನರ ತಕ್ಕಡಿಗೂ ಏರುತ್ತಿತ್ತೆಂದು ಹೇಳುತ್ತಾರೆ. ಎರಡು ಮಹಾರಾಷ್ಟ್ರಗಳ ಸೆಣಸಾಟದಲ್ಲಿ ಬಡವನು ತನ್ನ ಪಾಲನ್ನು ಕಿತ್ತುಕೊಂಡ ಬಗೆ ಇದು. ಕೊಂಚ ನಗು ಬಂದರೆ ಆಶ್ಚರ್ಯವಿಲ್ಲ. ಬೇರೆ ಕಲ್ಲಿಗೆ ಕಪ್ಪು ಬಳಿದು ವುಲ್ಫ್ರಮೆಂದು ಮಾರಿದ ಜಾಣರೂ ಇದ್ದರು.

ಅನಿರೀಕ್ಷಿತವಾಗಿ ಬಂದ ಹಣ ಬಂದಂತೆಯೇ ಹೋಯಿತು. ನೋಟಿಗೆ ಬೆಂಕಿ ಹೊತ್ತಿಸಿ ಅದರಿಂದ ಸಿಗರೇಟು ಹಚ್ಚಿಕೊಂಡವರ ಕಥೆ, ಅಕ್ಷರ ಬಾರದಿದ್ದರೂ ಅಂಗಿಯ ಜೇಬಿಗೆ ಫೌಂಟನ್ ಪೆನ್ನುಗಳನ್ನು ಸಾಲಾಗಿ ಸಿಕ್ಕಿಸಿಕೊಂಡವರ ಕಥೆ ಆ ಸೀಮೆಯಲ್ಲಿ ಇಂದಿಗೂ ಉಂಟು. ಇವುಗಳಲ್ಲಿ ನಿಜವೆಷ್ಟೋ, ಹಣ ಕಾಣದವರ ಹೊಟ್ಟೆಕಿಚ್ಚೆಷ್ಟೋ! ಆದರೆ ಹೊಲಗಳು ಬೀಳುಬಿದ್ದು ಧಾನ್ಯ ದುಬಾರಿಯಾದುದು ಕಥೆಯಲ್ಲ. ಗಣಿಗೆ ಹೋಗದ ಮುದುಕರಿಗೂ ವಿಧವೆಯರಿಗೂ ರೊಟ್ಟಿಯ ಬೆಲೆ ಮಾತ್ರ ತಪ್ಪದೆ ಏರಿತು. ಯುದ್ಧ ನಡೆಯುತ್ತಿರುವಾಗಲೇ ಆ ನಾಡಿನ ಹೆಸರಾಂತ ಕಾದಂಬರಿಕಾರ ಅಕಿಲೀನು ರಿಬೈರು ಈ ಹುಚ್ಚನ್ನು ವಸ್ತುವಾಗಿಸಿಕೊಂಡು ‘ವುಲ್ಫ್ರಾಮ್ಯು’ ಎಂಬ ಕಾದಂಬರಿಯನ್ನೇ ಬರೆದನು. ವೃತ್ತಿಯಿಂದ ವೈದ್ಯನಾಗಿದ್ದ ಫೆರ್ನಾಂದು ನಮೋರಾ 1946ರಲ್ಲಿ ಪ್ರಕಟಿಸಿದ ಕಾದಂಬರಿಯೂ ಇಂಥ ಗಣಿಯ ಜೀವನದ್ದೇ.

ದೇಶವನ್ನು ಆಳುತ್ತಿದ್ದವನು ಸಲಜಾರ್—ಗೋವೆಯನ್ನು ಮಾತಿನಿಂದ ಬಿಟ್ಟುಕೊಡಲೊಪ್ಪದೆ 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಬಂದು ನಿಲ್ಲುವವರೆಗೂ ಹಟ ಹಿಡಿದಿದ್ದ ಅದೇ ಸಲಜಾರ್. ಹಿಂದೆ ಅರ್ಥಶಾಸ್ತ್ರದ ಅಧ್ಯಾಪಕನಾಗಿದ್ದ ಅವನಿಗೆ ಕೊಳ್ಳುವವರಿಬ್ಬರ ಪೈಪೋಟಿಯಿಂದ ಮಾರುವವನಿಗಾಗುವ ಲಾಭವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಂಗ್ಲರೊಡನೆ ಅವನ ದೇಶಕ್ಕೆ 1373ರಿಂದಲೂ ಮೈತ್ರಿಯಿತ್ತು; ಜರ್ಮನರ ಸೇನೆಯೋ ಪಿರೆನೀಸ್ ಪರ್ವತದವರೆಗೂ ಬಂದು ನಿಂತಿತ್ತು. ಹಳೆಯ ಸ್ನೇಹಿತನನ್ನು ಬಿಡಲಾರೆ, ಹೊಸ ಬಲಶಾಲಿಯನ್ನು ಕೆಣಕಲಾರೆ ಎಂಬ ಸ್ಥಿತಿ. 1942ರ ಜನವರಿಯಲ್ಲಿ ಅವನು ಜರ್ಮನಿಯೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು 2,800 ಟನ್ನುಗಳವರೆಗೆ ವುಲ್ಫ್ರಂ ರಫ್ತಿಗೆ ಪರವಾನಗಿ ಕೊಟ್ಟನು. ಪ್ರತಿಯಾಗಿ ಉಕ್ಕು, ಗೊಬ್ಬರ ಮೊದಲಾದವು ಬಂದವು. ಅದೇ ವರ್ಷ ವ್ಯಾಪಾರವನ್ನು ಸರ್ಕಾರ ತನ್ನ ಹತೋಟಿಗೆ ತೆಗೆದುಕೊಂಡು ಬೆಲೆ ಗೊತ್ತುಮಾಡಿತು. ಜರ್ಮನರು ತೆತ್ತ ಚಿನ್ನದಲ್ಲಿ ಅವರು ಗೆದ್ದ ದೇಶಗಳ ಖಜಾನೆಗಳಿಂದ ದೋಚಿದ್ದೂ ಬೆರೆತಿತ್ತು. ಯುದ್ಧಾನಂತರ ವರ್ಷಗಟ್ಟಲೆ ಮಾತುಕತೆ ನಡೆದು ಕೊನೆಗೆ ಪೋರ್ತುಗಲ್ ಹಿಂದಿರುಗಿಸಿದ್ದು ಸುಮಾರು 4 ಟನ್ ಮಾತ್ರ.

ಇಷ್ಟು ಬೆಲೆ ತೆತ್ತು ಕೊಂಡೊಯ್ದ ಲೋಹವನ್ನು ಜರ್ಮನರು ಏನು ಮಾಡಿದರೆಂಬುದೇ ಈ ಕಥೆಯ ಮರ್ಮ. ಅದಕ್ಕೆ ಎರಡು ಬಾಯಿಗಳಿದ್ದವು: ಒಂದು ಕಾರ್ಖಾನೆಯ ಉಳಿ, ಇನ್ನೊಂದು ಟ್ಯಾಂಕನ್ನು ಭೇದಿಸುವ ಗುಂಡು. ಹಗುರವಾದ ಹೊರಕೋಶದೊಳಗೆ ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ತಿರುಳನ್ನಿಟ್ಟು ಹಾರಿಸಿದರೆ, ಗುರಿ ಮುಟ್ಟಿದಾಗ ಕೋಶ ಚೂರಾಗಿ ತಿರುಳೊಂದೇ ಉಕ್ಕಿನ ಕವಚವನ್ನು ತೂರಿಕೊಂಡು ಹೋಗುತ್ತದೆ. ಇದಕ್ಕಾಗಿ ಅವರು ವಿಲಕ್ಷಣವಾದ ಫಿರಂಗಿಗಳನ್ನೂ ನಿರ್ಮಿಸಿದರು. 1942ರಲ್ಲಿ ಬಂದ ‘ಪಾಕ್ 41’ ಎಂಬುದರ ನಳಿಗೆ ಬುಡದಲ್ಲಿ 75 ಮಿಲಿಮೀಟರ್ ಅಗಲವಿದ್ದು ಬಾಯಿಗೆ ಬರುವಷ್ಟರಲ್ಲಿ 55ಕ್ಕೆ ಇಳಿಯುತ್ತಿತ್ತು. ಹಾಗೆ ಹಿಂಡಿಸಿಕೊಂಡ ಗುಂಡು ಸೆಕೆಂಡಿಗೆ ಸಾವಿರ ಮೀಟರಿಗೂ ಮಿಗಿಲಾದ ವೇಗದಿಂದ ಹೊರಡುತ್ತಿತ್ತು. ಆ ಕಾಲದಲ್ಲಿ ಅದನ್ನು ತಡೆದು ನಿಲ್ಲಬಲ್ಲ ಟ್ಯಾಂಕು ಅಪರೂಪ.

ಆದರೆ ಉಳಿಗೂ ಗುಂಡಿಗೂ ಒಂದು ಭೇದವಿದೆ. ಉಳಿಯ ತುದಿಯಲ್ಲಿ ಕೂತ ಲೋಹ ಸವೆದರೂ ಅಲ್ಲಿಯೇ ಉಳಿಯುತ್ತದೆ. ಮತ್ತೆ ಅರೆಯಬಹುದು, ಒಡೆದರೆ ಚೂರುಗಳನ್ನು ಆರಿಸಿ ಕರಗಿಸಬಹುದು. ಅದರಿಂದ ನೂರಾರು ಫಿರಂಗಿಗಳು ಹುಟ್ಟುತ್ತವೆ. ಗುಂಡಿನಲ್ಲಿ ಕೂತ ಲೋಹ ಒಮ್ಮೆ ಹಾರಿದರೆ ಆಫ್ರಿಕದ ಮರಳಿನಲ್ಲೋ ರಷ್ಯದ ಕೆಸರಿನಲ್ಲೋ ಲಯವಾಯಿತು. ಬೀಜದ ಭತ್ತವನ್ನು ಉಣ್ಣಬೇಕೇ ಬಿತ್ತಬೇಕೇ ಎಂದು ಕಾಡುವ ಬರಗಾಲದ ಪ್ರಶ್ನೆ ಜರ್ಮನಿಯ ಮುಂದೆ ನಿಂತಿತು. ಅವರು ಬಿತ್ತನೆಯನ್ನೇ ಆರಿಸಿಕೊಂಡರು. ಟಂಗ್‌ಸ್ಟನ್ ಗುಂಡುಗಳ ತಯಾರಿಕೆ ಕುಗ್ಗಿತು. ಪಾಕ್ 41 ಫಿರಂಗಿಗಳನ್ನು 150ಕ್ಕೆ ನಿಲ್ಲಿಸಿದರು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ತಿನ್ನಿಸಲು ತಕ್ಕ ಗುಂಡಿರಲಿಲ್ಲ. ಬೇರೆ ಗುಂಡು ಆ ಕಿರಿದಾಗುವ ನಳಿಗೆಗೆ ಹೊಂದುವಂತಿಲ್ಲವಾದ್ದರಿಂದ, ಇದ್ದ ಗುಂಡು ತೀರಿದ ಮೇಲೆ ಅವು ಬರಿಯ ಉಕ್ಕಿನ ಕೊಳವೆಗಳಾದವು. ಶಸ್ತ್ರಾಸ್ತ್ರ ಸಚಿವನಾಗಿದ್ದ ಸ್ಪೇರ್ ಮುಂದೆ ತನ್ನ ಆತ್ಮಕಥೆಯಲ್ಲಿ, ಪೋರ್ತುಗಲ್ಲಿನ ವುಲ್ಫ್ರಂ 1943ರ ಬೇಸಗೆಯಲ್ಲಿ ಕೈತಪ್ಪಿದಾಗ ಗುಂಡಿನ ತಿರುಳಿಗೆಂದು ಸುಮಾರು 1,200 ಟನ್ ಯುರೇನಿಯಮನ್ನು ಬಿಡುಗಡೆ ಮಾಡಿದೆನೆಂದು ಬರೆದಿದ್ದಾನೆ. ಅಧಿಕೃತ ನಿಷೇಧ ಬಂದದ್ದು ಅದಕ್ಕೆ ಒಂದು ವರ್ಷದ ತರುವಾಯವಾದರೂ, ಅಣುಬಾಂಬಿನ ಆಸೆಯನ್ನೇ ಕೈಬಿಟ್ಟವರ ಮಾತು ಇದೆಂಬುದು ಗಮನಾರ್ಹ. ಅದೇ ಹೊತ್ತಿಗೆ ಆಂಗ್ಲರು, ಹಾರುವಾಗಲೇ ಹೊರಕೋಶವನ್ನು ಕಳಚಿಕೊಳ್ಳುವ ಹೊಸ ಬಗೆಯ ಟಂಗ್‌ಸ್ಟನ್ ಗುಂಡನ್ನು ಸಿದ್ಧಪಡಿಸಿ 1944ರಲ್ಲಿ ನಾರ್ಮಂಡಿಯ ರಣರಂಗಕ್ಕೆ ಇಳಿಸಿದರು. ಕಲ್ಲು ಯಾರ ಬಳಿ ಉಳಿದಿತ್ತೋ ಗುಂಡೂ ಅವರ ಬಳಿಯೇ ಉಳಿಯಿತು.

1944ರ ಜೂನ್ ಮೊದಲ ವಾರದಲ್ಲಿ, ಮಿತ್ರಸೇನೆ ಫ್ರಾನ್ಸಿನ ಕರಾವಳಿಯಲ್ಲಿ ಇಳಿದ ಅದೇ ವಾರದಲ್ಲಿ, ಒತ್ತಾಯಕ್ಕೆ ಮಣಿದ ಸಲಜಾರ್ ವುಲ್ಫ್ರಂ ರಫ್ತನ್ನು ಇಬ್ಬರಿಗೂ ನಿಲ್ಲಿಸಿದನು. ಗಣಿಗಳಿಗೂ ಬೀಗ ಬಿದ್ದಿತು. ರೆಗೋಫೆಯಲ್ಲಿ, ರಿಯು ದಿ ಫ್ರಾದೆಸ್‌ನಲ್ಲಿ ಸಾವಿರಾರು ಮಂದಿ ಒಂದೇ ಬಾರಿಗೆ ಕೆಲಸ ಕಳೆದುಕೊಂಡರು. ಕೊಂಡ ಗಡಿಯಾರಗಳನ್ನು ಮಾರಿ ಮತ್ತೆ ನೇಗಿಲು ಹುಡುಕಬೇಕಾಯಿತು. ಕೊರಿಯಾ ಯುದ್ಧದ ಕಾಲದಲ್ಲಿ, 1950ರ ಬಳಿಕ, ಬೆಲೆ ಇನ್ನೊಮ್ಮೆ ಏರಿ ಸ್ವಲ್ಪ ಕಾಲ ಜೀವ ಬಂದಂತಾಗಿ ಮತ್ತೆ ಆರಿತು. ಹಣ ಕರಗಿದರೂ ಒಂದು ಗಳಿಕೆ ಕರಗಲಿಲ್ಲ. ಸ್ಫಟಿಕಶಿಲೆಯನ್ನು ಒಣದಾಗಿ ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕುಳಿತು ಅದನ್ನು ಕಲ್ಲಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ, ಗಣಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ, ಇನ್ನೂ ನಡುವಯಸ್ಸು ದಾಟದ ಗಂಡಸರನ್ನು ಕೆಮ್ಮಿಸಿ ಕೊಂದಿತು.

ಇಂದು ರಿಯು ದಿ ಫ್ರಾದೆಸ್ ಸುತ್ತಿನ ಕಾಲುದಾರಿಗೆ ‘ಕರಿಯ ಬಂಗಾರದ ಹಾದಿ’ ಎಂದೇ ಹೆಸರಿಟ್ಟಿದ್ದಾರೆ. ಸುರಂಗಗಳ ಬಾಯಲ್ಲಿ ಜರಿಗಿಡ ಬೆಳೆದಿದೆ. ರೆಗೋಫೆಯಲ್ಲಿ ಬೆರಳೆಣಿಕೆಯ ಮನೆಗಳಲ್ಲಿ ಒಲೆ ಉರಿಯುತ್ತದೆ. ಅಲ್ಲಿಂದ ನಾಲ್ಕು ಕಿಲೋಮೀಟರ್ ಕಾಲ್ನಡಿಗೆಯ ದ್ರಾವೆ ಎಂಬ ಹಳ್ಳಿಯಲ್ಲಿ ಅದೂ ಇಲ್ಲ, ಜನರೆಲ್ಲ ತೊರೆದು ಹೋಗಿದ್ದಾರೆ.

ಆದರೆ ವುಲ್ಫ್ರಮಿನ ಕಥೆ ಪೋರ್ತುಗಲ್ಲಿನಲ್ಲಿ ಮುಗಿದಿಲ್ಲ. ಅರೋಕಾದಿಂದ ಆಗ್ನೇಯಕ್ಕೆ, ಎಸ್ಟ್ರೇಲಾ ಪರ್ವತಶ್ರೇಣಿಯ ದಕ್ಷಿಣಕ್ಕೆ, ಪನಸ್ಕೇರಾ ಎಂಬ ಇನ್ನೂ ದೊಡ್ಡ ಗಣಿಯಿದೆ. ಯುದ್ಧಕಾಲದಲ್ಲಿ ಅದೂ ಆಂಗ್ಲ ಸಂಸ್ಥೆಯ ಕೈಯಲ್ಲಿತ್ತು. ಸುಮಾರು ಹತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಈಗ ಒಡೆತನ ಬದಲಾಗಿದೆ, ಕೂಲಿಗಳ ಸಂಖ್ಯೆ ಕೆಲವು ನೂರಕ್ಕೆ ಇಳಿದಿದೆ, ಆದರೆ ಅಗೆತ ನಿಂತಿಲ್ಲ. ಜಗತ್ತಿನ ಟಂಗ್‌ಸ್ಟನ್ನಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟನ್ನು ಚೀನಾ ಒಂದೇ ಉತ್ಪಾದಿಸುತ್ತಿದ್ದು, 2025ರ ಫೆಬ್ರವರಿಯಲ್ಲಿ ಅದು ರಫ್ತಿನ ಮೇಲೆ ನಿರ್ಬಂಧ ಹೇರಿದಾಗ ಯೂರೋಪಿನ ಕಾರ್ಖಾನೆಗಳವರ ಕಣ್ಣು ಮತ್ತೆ ಈ ಬೆಟ್ಟಗಳತ್ತ ಹೊರಳಿತು. ಗಣಿಯ ಸಮೀಪದಲ್ಲಿ ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಅಗೆದು ಜಾಲಿಸಿ ಚೆಲ್ಲಿದ ಬೂದಿಬಣ್ಣದ ಪುಡಿ ಗುಡ್ಡಗಳಾಗಿ ನಿಂತಿದೆ. ಅದರಲ್ಲಿ ಪಾಷಾಣದ ಅಂಶವಿದೆ. ಅಂಥ ಒಂದು ಗುಡ್ಡದ ಬುಡವನ್ನು ತಾಗಿಕೊಂಡೇ ಜೆಜೆರೆ ನದಿ ಹರಿದು, ಬಹಳ ಕೆಳಗೆ ಕಾಸ್ತೆಲು ದು ಬೋದೆ ಅಣೆಕಟ್ಟಿನ ಹಿಂದೆ ದೊಡ್ಡ ಜಲಾಶಯವಾಗಿ ನಿಲ್ಲುತ್ತದೆ. ರಾಜಧಾನಿ ಲಿಸ್ಬನ್ನಿನ ಮನೆಗಳ ನಲ್ಲಿಗೆ ಕುಡಿಯುವ ನೀರು ಹೋಗುವುದು ಆ ಜಲಾಶಯದಿಂದ.